ತಲೆನೋವಿಗೆ ಮನೆಮದ್ದು: ಮೊದಲ ಅರ್ಧ ಗಂಟೆ ಕೈತಪ್ಪದಿರಲಿ

"ತಲೆನೋವಿಗೆ ಏನಾದರೂ ಮನೆಮದ್ದು ಹೇಳಿ" ಎಂದು ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಆಗಲೇ ಶುಂಠಿ ಕಷಾಯ ಕುಡಿದವರು, ಬಾಮ್ ಹಚ್ಚಿದವರು, ಹಣೆಗೆ ಬಟ್ಟೆ ಬಿಗಿದು ಮಲಗಿದವರು. ಯಾವುದರಿಂದಲೂ ಗುಣ ಕಾಣಲಿಲ್ಲ ಎನ್ನುತ್ತಾರೆ. ಇನ್ನಷ್ಟು ವಿಚಾರಿಸಿದರೆ ಬಹಳ ಸಲ ತಪ್ಪು ಮದ್ದಿನದ್ದಾಗಿರುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಶುರುವಾದ ನೋವಿಗೆ ಸಂಜೆ ನಾಲ್ಕಕ್ಕೆ ಕಷಾಯ ಕುಡಿದಿರುತ್ತಾರೆ. ಇಲ್ಲವೇ ಕುತ್ತಿಗೆ ಬಿಗಿತದಿಂದ ಬಂದ ನೋವನ್ನು ಸೈನಸ್ ಎಂದುಕೊಂಡು ಆವಿ ಹಿಡಿದಿರುತ್ತಾರೆ.

ಹಾಗಾಗಿ ಇಲ್ಲಿ ಮದ್ದಿನ ಪಟ್ಟಿಗಿಂತ ಹೊತ್ತಿನ ಬಗ್ಗೆ ಜಾಸ್ತಿ ಹೇಳುತ್ತೇನೆ. ನಾನು ವೈದ್ಯೆ ಅಲ್ಲ. ಹದಿನೆಂಟು ವರ್ಷದಿಂದ ಅರೆತಲೆನೋವು, ಅಂದರೆ ಮೈಗ್ರೇನ್ ಇರುವವಳು. ಓದಿ, ವೈದ್ಯರನ್ನು ಕೇಳಿ, ಮಾಡಿ ನೋಡಿದ್ದನ್ನು ಬರೆಯುತ್ತಿದ್ದೇನೆ. ನಿಮ್ಹಾನ್ಸ್ ಸಂಶೋಧಕರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಕೇಳಿದಾಗ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹಿಂದಿನ ಒಂದು ವರ್ಷದಲ್ಲಿ ಅರೆತಲೆನೋವು ಬಂದಿತ್ತು. 2015ರಲ್ಲಿ ಪ್ರಕಟವಾದ ಲೆಕ್ಕ ಇದು. ಇಷ್ಟು ಜನರಿಗೆ ಬರುವ ಕಾಯಿಲೆಯನ್ನು ಮನೆಯಲ್ಲೂ ಕಚೇರಿಯಲ್ಲೂ "ಬರೀ ತಲೆನೋವು ತಾನೆ" ಎಂದು ತಳ್ಳಿಹಾಕುತ್ತಾರಲ್ಲ, ಅದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

1. ಮನೆಮದ್ದು ಮಾಡಬಾರದ ತಲೆನೋವು ಯಾವುದು?

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಕೆಳಗಿನ ಯಾವುದಾದರೂ ಇದ್ದರೆ ಕಷಾಯಕ್ಕೆ ಒಲೆ ಹಚ್ಚದೆ ಆಸ್ಪತ್ರೆಗೆ ಹೊರಡಿ. ಹೋಗಲು ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

- ಸಿಡಿಲು ಬಡಿದಂತೆ ಒಂದೇ ನಿಮಿಷದೊಳಗೆ ವಿಪರೀತಕ್ಕೆ ಏರಿದ ನೋವು. "ಇಂಥ ನೋವು ಹುಟ್ಟಿದಾಗಿಂದ ಕಂಡಿಲ್ಲ" ಅನ್ನಿಸುವಂಥದ್ದು.
- ನೋವಿನ ಜೊತೆ ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಪ್ರಜ್ಞೆ ತಪ್ಪುವುದು, ಫಿಟ್ಸ್ ಬರುವುದು.
- ಜ್ವರ, ಜೊತೆಗೆ ಗದ್ದವನ್ನು ಎದೆಗೆ ತಾಗಿಸಲಾಗದಷ್ಟು ಕುತ್ತಿಗೆ ಸೆಟೆದಿರುವುದು.
- ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾದ ನೋವು, ಅದು ಎರಡು ಮೂರು ದಿನ ಬಿಟ್ಟು ಬಂದರೂ ಸರಿ.
- ಗರ್ಭಿಣಿಯರಿಗೆ, ಅದರಲ್ಲೂ ಐದು ತಿಂಗಳು ತುಂಬಿದ ಮೇಲೆ, ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು. ಇದು ಬಿಪಿ ಏರಿದ್ದರ ಸೂಚನೆ ಇರಬಹುದು. ಅದೇ ದಿನ ತೋರಿಸಿ.
- 50 ದಾಟಿದವರಿಗೆ ಹೊಸದಾಗಿ ಶುರುವಾದ ತಲೆನೋವು. ಅಗಿಯುವಾಗ ದವಡೆ ನೋಯುತ್ತಿದ್ದರೆ ಒಂದು ದಿನವೂ ತಡ ಮಾಡಬೇಡಿ, ಕಣ್ಣಿಗೆ ಅಪಾಯ.
- ಕಣ್ಣು ಕೆಂಪಾಗಿ, ದೀಪದ ಸುತ್ತ ಬಣ್ಣದ ಬಳೆ ಕಾಣಿಸಿ, ಕಣ್ಣು ಮತ್ತು ತಲೆ ಎರಡೂ ಒಡೆದುಹೋಗುವಂತಾಗುವುದು.
- ಕೆಮ್ಮಿದರೆ, ಬಗ್ಗಿದರೆ ಏರುವ, ವಾರದಿಂದ ವಾರಕ್ಕೆ ಹೆಚ್ಚಾಗುತ್ತಲೇ ಇರುವ ನೋವು.

ಇನ್ನೊಂದು ವಿಷಯ, ನಗರದವರಿಗೆ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದ್ದು, ಸ್ನಾನ ಮಾಡಿದವರಿಗೆಲ್ಲ ತಲೆನೋವು, ತಲೆಸುತ್ತು ಬರುತ್ತಿದ್ದರೆ ಅದು ಮೈಗ್ರೇನ್ ಆಗಿರಲಿಕ್ಕಿಲ್ಲ. ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಗಾಳಿ ಇರಬಹುದು. ಕೂಡಲೇ ಹೊರಗೆ ಬನ್ನಿ. ಗೀಸರ್ ಆರಿಸಿ, ಕಿಟಕಿ ಬಾಗಿಲು ತೆರೆಯಿರಿ. ಆಸ್ಪತ್ರೆಗೆ ಹೋಗಿ ತೋರಿಸಿ. ಗೀಸರ್ ಸರಿಯಾಗುವವರೆಗೆ ಅದನ್ನು ಮುಟ್ಟಬೇಡಿ.

ಮಳೆಗಾಲದಲ್ಲಿ ಜ್ವರದ ಜೊತೆ ಕಣ್ಣಿನ ಹಿಂದೆ ನೋವು ಬಂದರೆ ಡೆಂಗಿ ಇರಬಹುದೇ ಎಂದು ನೋಡಬೇಕು. ಅದು ಗೊತ್ತಾಗುವವರೆಗೆ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆ ಬೇಡ. ರಕ್ತಸ್ರಾವದ ಅಪಾಯವಿದೆ.

2. ನಿಮ್ಮದು ಯಾವ ತಲೆನೋವು?

ಇವುಗಳಲ್ಲಿ ಯಾವುದೂ ಇಲ್ಲ ಎಂದಾದರೆ ನಿಮ್ಮ ನೋವು ಹೆಚ್ಚಾಗಿ ಈ ಎರಡರಲ್ಲಿ ಒಂದು.

ಅರೆತಲೆನೋವು: ಸಾಮಾನ್ಯವಾಗಿ ಒಂದು ಪಕ್ಕ, ನಾಡಿ ಬಡಿದಂತೆ ಟಪ್ ಟಪ್ ಎಂದು ಸಿಡಿಯುತ್ತದೆ. ವಾಕರಿಕೆ ಬರುತ್ತದೆ. ಬೆಳಕು, ಸದ್ದು, ವಾಸನೆ ಸಹಿಸಲಾಗದು. 4 ಗಂಟೆಯಿಂದ 72 ಗಂಟೆವರೆಗೆ ಕಾಡಬಹುದು. ಕೆಲವರಿಗೆ ನೋವಿಗೆ ಮೊದಲು ಕಣ್ಣ ಮುಂದೆ ಮಿಂಚುವ ಅಂಕುಡೊಂಕು ಗೆರೆಗಳು ಕಾಣುತ್ತವೆ. ಇದಕ್ಕೆ ವೈದ್ಯರು "ಆರಾ" ಎನ್ನುತ್ತಾರೆ. ಐದು ನಿಮಿಷದಿಂದ ಒಂದು ಗಂಟೆ ಇದ್ದು ಹೋಗುತ್ತದೆ. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಅರ್ಧಾವಭೇದಕ ಎಂದು ಕರೆದಿರುವ ತಲೆನೋವು ಇದಕ್ಕೆ ತುಂಬ ಹತ್ತಿರ.

ಬಿಗಿತದ ತಲೆನೋವು: ತಲೆಯ ಸುತ್ತ ಪಟ್ಟಿ ಬಿಗಿದ ಹಾಗೆ, ಎರಡೂ ಕಡೆ. ಮಂದವಾಗಿ ಒತ್ತುತ್ತದೆ. ವಾಂತಿ ಇರುವುದಿಲ್ಲ. ಕುತ್ತಿಗೆ, ಭುಜ ಗಟ್ಟಿಯಾಗಿರುತ್ತವೆ. ಕಷ್ಟಪಟ್ಟಾದರೂ ಕೆಲಸ ಮಾಡಬಹುದು.

ಗುರುತಿಸಲು ಸುಲಭ ದಾರಿ ಒಂದಿದೆ. ಹತ್ತು ಮೆಟ್ಟಿಲು ಹತ್ತಿ ಇಳಿಯಿರಿ. ನೋವು ಹೆಚ್ಚಾದರೆ ಅರೆತಲೆನೋವಿನ ಕಡೆ. ಏನೂ ವ್ಯತ್ಯಾಸ ಆಗದಿದ್ದರೆ, ಓಡಾಡಿದರೇ ಹಾಯೆನಿಸಿದರೆ ಬಿಗಿತದ ಕಡೆ.

"ನನ್ನದು ಸೈನಸ್" ಎನ್ನುವವರಿಗೆ ಒಂದು ಮಾತು. ಅರೆತಲೆನೋವಿನಲ್ಲೂ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆನ್ನೆಮೂಳೆ ನೋಯುತ್ತದೆ. ಸೈನಸ್ ಎಂದುಕೊಂಡು ಬಂದವರನ್ನು ಪರೀಕ್ಷಿಸಿದಾಗ ಬಹುಪಾಲು ಜನರದ್ದು ಮೈಗ್ರೇನ್ ಎಂದೇ ಗೊತ್ತಾಗಿದೆ. ನಾನೂ ಎರಡು ವರ್ಷ ಸುಮ್ನೆ ಆವಿ ಹಿಡಿದೆ. ಮೂಗಿನಿಂದ ದಪ್ಪಗೆ ಹಳದಿ ಸಿಂಬಳ, ಜೊತೆಗೆ ಜ್ವರ ಇಲ್ಲದಿದ್ದರೆ ಸೈನಸ್ ಎಂದು ನೀವೇ ತೀರ್ಮಾನಿಸಬೇಡಿ.

3. ಒಂದು ಡಬ್ಬಿ ಸಿದ್ಧ ಮಾಡಿಟ್ಟುಕೊಳ್ಳಿ

ನೋವು ಬಂದ ಮೇಲೆ ಶುಂಠಿ ಹುಡುಕಲು ಆಗುವುದಿಲ್ಲ. ಕಣ್ಣು ಬಿಡುವುದೇ ಕಷ್ಟ, ಅಲ್ವಾ? ಒಂದು ಡಬ್ಬಿಯಲ್ಲಿ ಇವಿಷ್ಟನ್ನು ಹಾಕಿ, ಮನೆಯವರಿಗೂ ತೋರಿಸಿಡಿ: ಒಣಶುಂಠಿ ಪುಡಿ, ಸ್ವಲ್ಪ ಬೆಲ್ಲ, ಕಣ್ಣಿಗೆ ಕಟ್ಟಲು ಕಪ್ಪು ಹತ್ತಿ ಬಟ್ಟೆ, ಕಿವಿಗೆ ಹತ್ತಿ, ಚಿಕ್ಕ ಬಾಟಲಿಯಲ್ಲಿ ಪುದೀನ ಎಣ್ಣೆ, ವೈದ್ಯರು ಬರೆದುಕೊಟ್ಟ ಮಾತ್ರೆ ಇದ್ದರೆ ಅದು, ಒಂದು ಪುಟ್ಟ ನೋಟ್‌ಬುಕ್ ಮತ್ತು ಪೆನ್ನು. ಫ್ರಿಜ್ ಇದ್ದರೆ ಒದ್ದೆ ಕರವಸ್ತ್ರ ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಅವರೆಕಾಳಿನ ಕಾಲದಲ್ಲಿ ಬಿಡಿಸಿ ಫ್ರೀಜರ್‌ನಲ್ಲಿಟ್ಟ ಕಾಳಿನ ಚೀಲವೂ ಚೆನ್ನಾಗಿ ಆಗುತ್ತದೆ, ಹಣೆಯ ಆಕಾರಕ್ಕೆ ಕೂರುತ್ತದೆ.

4. ಅರೆತಲೆನೋವು: ಮೊದಲ ಅರ್ಧ ಗಂಟೆ

ಮುಖ್ಯವಾದ ಹಂತ ಇದೇ. ಅರೆತಲೆನೋವು ಏರಿದ ಹಾಗೆ ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಕುಡಿದದ್ದು, ನುಂಗಿದ್ದು ಹೊಟ್ಟೆಯಲ್ಲೇ ನಿಂತುಬಿಡುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಕಷಾಯಕ್ಕೂ ಇದೇ ಕತೆ, ಮಾತ್ರೆಗೂ ಇದೇ ಕತೆ. ಮೂರು ಗಂಟೆ ಸಹಿಸಿಕೊಂಡು ಆಮೇಲೆ ತೆಗೆದುಕೊಂಡರೆ ಗುಣ ಕಾಣದಿರುವುದು ಅದಕ್ಕೇ.

ನೋವು ಬರುವ ಮೊದಲೇ ಮೈ ಸೂಚನೆ ಕೊಡುತ್ತದೆ. ಸುಮ್ಸುಮ್ನೆ ಆಕಳಿಕೆ, ಕುತ್ತಿಗೆ ಹಿಂದೆ ಬಿಗಿತ, ಕಾರಣವಿಲ್ಲದೆ ಸಿಡಿಮಿಡಿ, ಸಿಹಿ ತಿನ್ನಬೇಕೆನ್ನುವ ಆಸೆ, ಪದೇ ಪದೇ ಮೂತ್ರ. ನಿಮ್ಮದು ಯಾವುದು ಎಂದು ಎರಡು ಮೂರು ಸಲ ಗಮನಿಸಿದರೆ ಗೊತ್ತಾಗುತ್ತದೆ. ಅದು ಕಂಡ ಕೂಡಲೇ ಹೀಗೆ ಮಾಡಿ:

ಮೊದಲು ಒಂದು ಲೋಟ ನೀರು. ಊಟ ತಪ್ಪಿದ್ದರೆ ಒಂದು ಬಾಳೆಹಣ್ಣು, ಇಲ್ಲವೇ ಒಂದು ಹಿಡಿ ಮಜ್ಜಿಗೆ ಅನ್ನ.

ಆಮೇಲೆ ಶುಂಠಿ. ಹೆಬ್ಬೆರಳಿನ ಒಂದು ಗಿಣ್ಣಿನಷ್ಟು ಹಸಿಶುಂಠಿ ಜಜ್ಜಿ, ಒಂದೂವರೆ ಲೋಟ ನೀರಿಗೆ ಹಾಕಿ, ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ. ಸೋಸಿ, ಚೂರು ಬೆಲ್ಲ ಹಾಕಿ. ಇಷ್ಟು ಮಾಡಲು ತ್ರಾಣ ಇಲ್ಲದಿದ್ದರೆ ಕಾಲು ಚಮಚ ಒಣಶುಂಠಿ ಪುಡಿಯನ್ನು ಬಿಸಿನೀರಿಗೆ ಕದಡಿದರೂ ಸಾಕು. ಒಂದೇ ಸಲ ಗಟಗಟ ಕುಡಿಯಬೇಡಿ. ಗುಟುಕು ಗುಟುಕಾಗಿ, ವಾಕರಿಕೆ ಇದ್ದರೆ ಚಮಚದಲ್ಲಿ. ಇರಾನಿನಲ್ಲಿ 100 ಮೈಗ್ರೇನ್ ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧ ಜನರಿಗೆ ಒಣಶುಂಠಿ ಪುಡಿ, ಉಳಿದವರಿಗೆ ಸುಮಟ್ರಿಪ್ಟಾನ್ ಎಂಬ ಮೈಗ್ರೇನ್ ಮಾತ್ರೆ ಕೊಟ್ಟರು. ಎರಡು ಗಂಟೆಯ ನಂತರ ಎರಡೂ ಗುಂಪಿನಲ್ಲಿ ನೋವು ಹೆಚ್ಚುಕಮ್ಮಿ ಒಂದೇ ಥರ ಇಳಿದಿತ್ತು. ಅದು ಒಂದೇ ಚಿಕ್ಕ ಪ್ರಯೋಗ, ಅದನ್ನೇ ನಂಬಿ ಮಾತ್ರೆ ಬಿಸಾಡಬೇಡಿ. ಆದರೆ ವಾಕರಿಕೆಗೆ ಶುಂಠಿ ಒಳ್ಳೆಯದು ಎನ್ನುವುದಂತೂ ನಮ್ಮ ಅಡುಗೆಮನೆಗೆ ಗೊತ್ತಿದ್ದದ್ದೇ. ನೋವು ಬಾರದಿರಲಿ ಎಂದು ದಿನಾ ಶುಂಠಿ ತೆಗೆದುಕೊಂಡವರ ಮೇಲೆ ನಡೆದ ಬೇರೆ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ. ಹಾಗಾಗಿ ಶುಂಠಿ ನೋವು ಶುರುವಾದಾಗಿನ ಮದ್ದು ಎಂದು ಇಟ್ಟುಕೊಳ್ಳಿ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳದೆ ಶುಂಠಿಯನ್ನು ಮದ್ದಾಗಿ ಬಳಸಬೇಡಿ.

ಕಷಾಯ ಕುಡಿಯುತ್ತಲೇ ತಂಪು ಇಡಿ. ಫ್ರೀಜರ್‌ನ ಬಟ್ಟೆಯನ್ನು ಇನ್ನೊಂದು ತೆಳು ಬಟ್ಟೆಯಲ್ಲಿ ಸುತ್ತಿ ಹಣೆಗೆ, ಇಲ್ಲವೇ ಕುತ್ತಿಗೆಯ ಹಿಂಭಾಗಕ್ಕೆ. 15 ನಿಮಿಷ ಇಟ್ಟು ತೆಗೆಯಿರಿ, ಬೇಕಾದರೆ ಸ್ವಲ್ಪ ಬಿಟ್ಟು ಮತ್ತೆ ಇಡಿ. ಐಸನ್ನು ನೇರವಾಗಿ ಚರ್ಮಕ್ಕೆ ಇಡಬೇಡಿ. ಫ್ರಿಜ್ ಇಲ್ಲದಿದ್ದರೆ ಮಡಕೆಯ ನೀರಿನಲ್ಲಿ ಅದ್ದಿದ ಟವೆಲ್ ಆದೀತು, ಐದು ನಿಮಿಷಕ್ಕೊಮ್ಮೆ ಮತ್ತೆ ಅದ್ದಬೇಕು.

ಕತ್ತಲೆ ಕೋಣೆಯಲ್ಲಿ ಮಲಗಿ. ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಒಂದು ಗಂಟೆ ನಿದ್ದೆ ಬಂದರೆ ಅದಕ್ಕಿಂತ ದೊಡ್ಡ ಮದ್ದಿಲ್ಲ. ಮನೆಯವರಿಗೆ ಹೇಳಿ: ಬಾಗಿಲು ತಟ್ಟಬೇಡಿ, ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಎಳೆದುಕೊಳ್ಳಿ, ಊದಿನಕಡ್ಡಿ ಹಚ್ಚಬೇಡಿ.

ಕಾಫಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಶುರುವಿನಲ್ಲೇ ಅರ್ಧ ಲೋಟ ಫಿಲ್ಟರ್ ಕಾಫಿ ಕೆಲವರಿಗೆ ನಿಜಕ್ಕೂ ಸಹಾಯ ಮಾಡುತ್ತದೆ. ಕೆಫೀನ್, ಅಂದರೆ ಕಾಫಿ ಟೀಯಲ್ಲಿರುವ ಚುರುಕುಕಾರಕ, ನೋವಿನ ಮಾತ್ರೆ ಬೇಗ ಕೆಲಸ ಮಾಡಲೂ ನೆರವಾಗುತ್ತದೆ. ಆದರೆ ಮಧ್ಯಾಹ್ನ ಮೂರರ ಮೇಲೆ ಬೇಡ, ನಿದ್ದೆ ಕೆಟ್ಟು ಮರುದಿನ ಮತ್ತೆ ನೋವು. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರಿಗೆ ಈ ಉಪಾಯ ನಾಟುವುದಿಲ್ಲ.

ಇನ್ನು ಹಣೆಗೆ ಲೇಪ. ಒಣಶುಂಠಿಯನ್ನು ಸಾಣೆಕಲ್ಲಿನ ಮೇಲೆ ನೀರು ಹಾಕಿ ತೇಯ್ದು ಹಚ್ಚುವುದು ನಮ್ಮ ಅಜ್ಜಿಯಂದಿರ ಮದ್ದು. ಕಲ್ಲಿನ ಮೇಲೆ ಬೂದುಬಣ್ಣದ ಗಂಧದಂತೆ ಬರುತ್ತದೆ. ಹಚ್ಚಿದ ಎರಡು ನಿಮಿಷಕ್ಕೆ ಹಣೆ ಚುರುಚುರು ಎನ್ನುತ್ತದೆ. ಶೀತದಿಂದ, ಬಿಗಿತದಿಂದ ಬಂದ ನೋವಿಗೆ ಹಾಯೆನಿಸುತ್ತದೆ. ಅರೆತಲೆನೋವಿನಲ್ಲಿ ನನ್ನ ಸಲಹೆ ಬೇರೆ. ಬಾಚಣಿಗೆ ತಾಗಿದರೂ ಬುರುಡೆಯ ಚರ್ಮ ನೋಯುತ್ತಿದೆ ಎಂದಾದರೆ ಶುಂಠಿ ಲೇಪ ಬೇಡವೇ ಬೇಡ, ಉರಿ ನೋವಿಗೆ ಸೇರಿಕೊಳ್ಳುತ್ತದೆ. ಆಗ ಶ್ರೀಗಂಧ ತೇಯ್ದು ಹಚ್ಚಿ. ತಂಪು, ವಾಸನೆಯೂ ಮೃದು. ಅದೂ ಹಿಡಿಸದಿದ್ದರೆ ಬರೀ ಒದ್ದೆ ಬಟ್ಟೆ ಸಾಕು.

5. ಬಿಗಿತದ ತಲೆನೋವಿಗೆ ಬೇರೆ ದಾರಿ

ಇಲ್ಲಿ ತಂಪಿಗಿಂತ ಬಿಸಿ ಒಳ್ಳೆಯದು, ಮಲಗುವುದಕ್ಕಿಂತ ಎದ್ದು ಓಡಾಡುವುದು ಒಳ್ಳೆಯದು. ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ ಕುತ್ತಿಗೆ, ಭುಜಕ್ಕೆ ಹತ್ತು ನಿಮಿಷ ಇಡಿ. ನಂತರ ಎರಡೂ ಹೆಬ್ಬೆರಳನ್ನು ತಲೆಬುರುಡೆ ಮುಗಿದು ಕುತ್ತಿಗೆ ಶುರುವಾಗುವ ಎರಡು ಗುಳಿಗಳಲ್ಲಿ ಇಟ್ಟು, ಮೇಲ್ಮುಖವಾಗಿ ಅರ್ಧ ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಉಸಿರು ಬಿಡುತ್ತಾ ಭುಜ ಇಳಿಸಿ. ಐದಾರು ಸಲ ಮಾಡಿ.

ಪುದೀನ ಎಣ್ಣೆಗೆ ಇಲ್ಲಿ ಒಳ್ಳೆಯ ಜಾಗವಿದೆ. ಜರ್ಮನಿಯಲ್ಲಿ 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 10% ಪುದೀನ ಎಣ್ಣೆಯನ್ನು ಹಣೆಗೆ, ಹಣೆಯ ಎರಡೂ ಪಕ್ಕಕ್ಕೆ ಹಚ್ಚಿದಾಗ ಬಿಗಿತದ ತಲೆನೋವು 1000 ಮಿಲಿಗ್ರಾಂ ಪ್ಯಾರಾಸಿಟಮಾಲ್‌ಗೆ ಸಮನಾಗಿ ಇಳಿಯಿತು. ಮನೆಯಲ್ಲಿ ಒಂದು ಚಮಚ ಕೊಬ್ಬರಿ ಎಣ್ಣೆಗೆ ನಾಲ್ಕೈದು ಹನಿ ಸೇರಿಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಇನ್ನೊಮ್ಮೆ. ಕಣ್ಣಿಗೆ ತಾಗಿದರೆ ಉರಿ ತಡೆಯಲಾಗದು, ಹಚ್ಚಿದ ಕೈ ತೊಳೆಯಿರಿ. 1893ರಿಂದ ನಮ್ಮ ಮನೆಗಳಲ್ಲಿರುವ ಅಮೃತಾಂಜನದಂಥ ಬಾಮ್‌ಗಳಲ್ಲೂ ಪುದೀನ ಎಣ್ಣೆಯಲ್ಲಿರುವ ಮೆಂಥಾಲ್ ಎಂಬ ತಂಪು ಅಂಶ ಇರುತ್ತದೆ. ಚಿಕ್ಕ ಮಕ್ಕಳ ಮುಖಕ್ಕೆ, ಮೂಗಿನ ಹತ್ತಿರ ಇವು ಯಾವುದನ್ನೂ ಹಚ್ಚಬೇಡಿ. ಕರ್ಪೂರ ಇರುವ ಬಾಮ್ ಮಗುವಿನ ಬಾಯಿಗೆ ಹೋದರೆ ವಿಷ. ಅರೆತಲೆನೋವಿನವರಿಗೆ ಬಾಮ್ ವಾಸನೆಯೇ ಹೊಟ್ಟೆ ತೊಳಸಬಹುದು, ಮೂಸಿ ನೋಡಿ ನಿರ್ಧರಿಸಿ.

ಕುತ್ತಿಗೆ ಬಿಗಿತಕ್ಕೆಂದು ಕ್ಷೌರದಂಗಡಿಯಲ್ಲಿ ತಲೆ ಹಿಡಿದು ಲಟಕ್ಕನೆ ತಿರುಗಿಸುತ್ತಾರಲ್ಲ, ಅದನ್ನು ಮಾತ್ರ ಎಂದೂ ಮಾಡಿಸಿಕೊಳ್ಳಬೇಡಿ. ಮೆದುಳಿಗೆ ರಕ್ತ ಒಯ್ಯುವ ನಾಳ ಕುತ್ತಿಗೆಯಲ್ಲೇ ಇದೆ. ಅದರ ಗೋಡೆ ಹರಿದರೆ ಪಾರ್ಶ್ವವಾಯು ಆಗಬಹುದು.

6. ಕೆಣಕುವುದು ಯಾವುದು, ಹುಡುಕಿ

ಡಬ್ಬಿಯ ನೋಟ್‌ಬುಕ್ ಇದಕ್ಕೆ. ನೋವು ಬಂದ ದಿನ ನಾಲ್ಕು ಸಾಲು ಸಾಕು: ಎಷ್ಟಕ್ಕೆ ಶುರುವಾಯಿತು, ಹಿಂದಿನ ರಾತ್ರಿ ಎಷ್ಟು ನಿದ್ದೆ, ಯಾವ ಊಟ ತಪ್ಪಿತು, ಏನು ಮದ್ದು ಮಾಡಿದೆ. ಹೆಣ್ಣುಮಕ್ಕಳು ಮುಟ್ಟಿನ ದಿನವನ್ನೂ ಗುರುತು ಹಾಕಿ. ಎರಡು ತಿಂಗಳು ಬರೆಯಿರಿ. ಒಂದು ದಿನ ಚಾಕೊಲೇಟ್ ತಿಂದಾಗ ನೋವು ಬಂತೆಂದು ಜನ್ಮಕ್ಕೆ ಅದನ್ನು ಬಿಡುವುದು ಬೇಡ. ಸಿಹಿಯ ಆಸೆ ನೋವಿನ ಮುನ್ಸೂಚನೆಯೂ ಆಗಿರಬಹುದು, ಆಗಲೇ ಹೇಳಿದೆನಲ್ಲ.

ನಮ್ಮ ಕಡೆ ಹೆಂಗಸರ ನೋಟ್‌ಬುಕ್ಕಿನಲ್ಲಿ ಪದೇ ಪದೇ ಬರುವುದು ತಲೆಸ್ನಾನ. "ತಲೆಗೆ ನೀರು ಹಾಕಿಕೊಂಡರೆ ತಲೆನೋವು ಗ್ಯಾರಂಟಿ" ಎಂದರೆ ಎಷ್ಟೋ ಜನ ನಂಬುವುದಿಲ್ಲ. ಇದು ಕಲ್ಪನೆ ಅಲ್ಲ. ಮುಂಬೈನ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಹೀಗೆ ನೋವು ಬರುವ 94 ರೋಗಿಗಳ ಬಗ್ಗೆ 2006ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಉದ್ದ ಕೂದಲು, ಒದ್ದೆ ಭಾರ, ನಿಧಾನವಾಗಿ ಒಣಗುವುದು ಎಲ್ಲವೂ ನಮ್ಮ ಜೀವನದ ಭಾಗ.

ಒಂದು ಶುಕ್ರವಾರವನ್ನೇ ನೋಡಿ. ಬೆಳಿಗ್ಗೆ ಬೇಗ ಎದ್ದು ತಲೆಸ್ನಾನ. ಒದ್ದೆ ಕೂದಲಿಗೆ ಟವೆಲ್ ಬಿಗಿದು ತುರುಬು. ಸಾಂಬ್ರಾಣಿ ಹೊಗೆ. ಮುಡಿಗೆ ಮಲ್ಲಿಗೆ. ಪೂಜೆ ಮುಗಿಯುವವರೆಗೆ ಹೊಟ್ಟೆಗೆ ಏನಿಲ್ಲ, ಕಾಫಿಯೂ ಇಲ್ಲ. ಹನ್ನೊಂದಕ್ಕೆ ಎಡಗಣ್ಣಿನ ಮೇಲೆ ಟಪ್ ಟಪ್ ಶುರು. ಒಂದೊಂದೇ ಆದರೆ ತಡೆದುಕೊಳ್ಳುವ ತಲೆ, ಐದು ಒಟ್ಟಿಗೆ ಬಂದರೆ ತಡೆದುಕೊಳ್ಳುವುದಿಲ್ಲ. ಪೂಜೆ ಬಿಡಿ ಎನ್ನುತ್ತಿಲ್ಲ. ತಲೆಸ್ನಾನವನ್ನು ಹಿಂದಿನ ದಿನ ಬಿಸಿಲಿರುವಾಗ ಮುಗಿಸಿ. ನೀರು ಉಗುರುಬೆಚ್ಚಗಿರಲಿ. ಕೂದಲು ಪೂರ್ತಿ ಒಣಗುವವರೆಗೆ ಬಿಗಿದು ಕಟ್ಟಬೇಡಿ, ಟವೆಲ್‌ನಿಂದ ಒತ್ತಿ ನೀರು ತೆಗೆಯಿರಿ. ಪೂಜೆಗೆ ಮೊದಲು ಒಂದು ಲೋಟ ಹಾಲು ಕುಡಿಯಬಹುದೇ ಎಂದು ಮನೆಯ ಹಿರಿಯರನ್ನು ಕೇಳಿ, ಕಾಯಿಲೆ ಎಂದರೆ ಬಹುತೇಕ ಯಾರೂ ಬೇಡ ಎನ್ನುವುದಿಲ್ಲ.

ಸಂಕಷ್ಟಿ, ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸದಲ್ಲಿ ಬರುವ ನೋವೂ ಹೀಗೆಯೇ. ಅರ್ಧ ಹಸಿವು, ಅರ್ಧ ಕಾಫಿ ತಪ್ಪಿದ್ದು. ಕಾಫಿ ನಿಂತ 12ರಿಂದ 24 ಗಂಟೆಯಲ್ಲಿ ತಲೆ ಹಿಡಿಯುತ್ತದೆ. ಉಪವಾಸಕ್ಕೆ ಒಂದು ವಾರ ಮೊದಲೇ ಎರಡು ದಿನಕ್ಕೊಮ್ಮೆ ಅರ್ಧ ಲೋಟ ಕಾಫಿ ಇಳಿಸುತ್ತಾ ಬನ್ನಿ. ನೀರು ಕುಡಿಯಲು ಅಡ್ಡಿಯಿಲ್ಲದ ವ್ರತವಾದರೆ ಎಳನೀರು, ನೀರು ಧಾರಾಳವಾಗಿರಲಿ. ಭಾನುವಾರ ಹತ್ತರವರೆಗೆ ಮಲಗಿ ಎದ್ದಾಗ ಬರುವ ತಲೆನೋವಿಗೂ ಕಾರಣ ತಡವಾದ ಕಾಫಿ, ತಡವಾದ ತಿಂಡಿ, ಹೆಚ್ಚಾದ ನಿದ್ದೆ. ರಜೆಯ ದಿನವೂ ಏಳುವ ಹೊತ್ತು ಒಂದು ಗಂಟೆಗಿಂತ ಆಚೀಚೆ ಆಗದಿದ್ದರೆ ಒಳ್ಳೆಯದು.

ಬಿಸಿಲಿಗೆ ಟೊಪ್ಪಿ, ಕೊಡೆ. ಕಣ್ಣಿನ ಪರೀಕ್ಷೆ ವರ್ಷಕ್ಕೊಮ್ಮೆ. ಇಷ್ಟೇ.

7. ಮೂರು ತಿಂಗಳ ಕೆಲಸ: ಊಟ, ಯೋಗ

ಮೆಗ್ನೀಸಿಯಂ ಎಂಬ ಖನಿಜ ಕಡಿಮೆಯಾದವರಿಗೆ ಅರೆತಲೆನೋವು ಜಾಸ್ತಿ ಬರುವುದುಂಟು. ಅದಕ್ಕೆ ಹೊರಗಿನಿಂದ ಏನೂ ತರಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಇದೆ. ಎಳ್ಳು, ಕುಂಬಳಬೀಜ, ಕಡಲೆ, ದಂಟಿನ ಸೊಪ್ಪು, ಬಾದಾಮಿಯಲ್ಲೂ ಇದೆ. ದಿನಕ್ಕೊಂದು ಹೊತ್ತು ಮುದ್ದೆ ಸೊಪ್ಪಿನ ಸಾರು, ಒಂದು ಚಮಚ ಎಳ್ಳಿನ ಪುಡಿ. ಮೆಗ್ನೀಸಿಯಂ ಮಾತ್ರೆ ಬೇಕೆಂದರೆ ವೈದ್ಯರನ್ನು ಕೇಳಿ. ಭೇದಿ ಆಗಬಹುದು, ಮೂತ್ರಪಿಂಡದ ತೊಂದರೆ ಇರುವವರಿಗೆ ಅಪಾಯ. ವೈದ್ಯರು ಕೆಲವರಿಗೆ ಬಿ2 ಜೀವಸತ್ವವನ್ನು ದಿನಕ್ಕೆ 400 ಮಿಲಿಗ್ರಾಂ ಕೊಡುತ್ತಾರೆ. ಮೂತ್ರ ಗಾಢ ಹಳದಿಯಾಗುತ್ತದೆ, ಗಾಬರಿ ಬೇಡ. ಇವೆಲ್ಲ ಗುಣ ತೋರಿಸಲು ಮೂರು ತಿಂಗಳಾದರೂ ಬೇಕು. ಹದಿನೈದು ದಿನಕ್ಕೆ ಬಿಟ್ಟುಬಿಡುವವರೇ ಜಾಸ್ತಿ.

ಯೋಗದ ಬಗ್ಗೆ ನಮ್ಮ ದೇಶದ್ದೇ ಒಳ್ಳೆಯ ಪುರಾವೆ ಇದೆ. ದೆಹಲಿಯ ಏಮ್ಸ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಮಾತ್ರೆ ತೆಗೆದುಕೊಂಡವರಿಗಿಂತ ಮಾತ್ರೆ ಮತ್ತು ಯೋಗ ಎರಡನ್ನೂ ಮೂರು ತಿಂಗಳು ಮಾಡಿದವರಿಗೆ ನೋವು ಬರುವುದೂ, ಅದರ ಜೋರೂ ಇನ್ನೂ ಜಾಸ್ತಿ ಇಳಿಯಿತು. ಎರಡನ್ನೂ ಎಂಬುದನ್ನು ಗಮನಿಸಿ. ನೋವಿರುವ ದಿನ ತಲೆ ಕೆಳಗಾಗುವ ಆಸನ ಬೇಡ, ಉಸಿರಾಟ ಮತ್ತು ಶವಾಸನ ಸಾಕು.

8. ಇವನ್ನು ಮಾಡಲೇಬೇಡಿ

ತುಂಬೆರಸ, ಬೆಳ್ಳುಳ್ಳಿ ರಸ ಮೂಗಿಗೆ ಬಿಡುವುದನ್ನು ಇನ್ನೂ ಎಷ್ಟೋ ಕಡೆ ಹೇಳುತ್ತಾರೆ. ಮೂಗಿನ ಒಳಚರ್ಮ ಸುಡುತ್ತದೆ, ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ. ಹಣೆಗೆ ಸುಣ್ಣ ಹಚ್ಚಿ ಚರ್ಮ ಸುಟ್ಟು ಕಲೆ ಉಳಿದವರಿದ್ದಾರೆ. ಲವಂಗದ ಎಣ್ಣೆಯನ್ನು ಹಾಗೆಯೇ ಹಚ್ಚುವುದೂ ಅಷ್ಟೇ. ಮಕ್ಕಳಿಗೆ ಬರೆ ಹಾಕಿಸುವುದಂತೂ ಘೋರ, ಯಾರು ಹೇಳಿದರೂ ಕೇಳಬೇಡಿ. ಬಸುರಿಯರು ವೈದ್ಯರನ್ನು ಕೇಳದೆ ಯಾವ ಬೇರು, ಸೊಪ್ಪಿನ ಕಷಾಯವನ್ನೂ ಮದ್ದಾಗಿ ಕುಡಿಯಬೇಡಿ.

ಇನ್ನೊಂದು ದೊಡ್ಡ ಗುಂಡಿ ಇದೆ. ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ. ಒಂದೆರಡು ಸಲ ತೆಗೆದುಕೊಳ್ಳುವುದು ತಪ್ಪಲ್ಲ. ಆದರೆ ತಿಂಗಳಿಗೆ 15 ದಿನ ಅಥವಾ ಹೆಚ್ಚು ಸಾದಾ ನೋವಿನ ಮಾತ್ರೆ, ಇಲ್ಲವೇ 10 ದಿನ ಅಥವಾ ಹೆಚ್ಚು ಟ್ರಿಪ್ಟಾನ್ (ಸುಮಟ್ರಿಪ್ಟಾನ್ ಥರದ ಮೈಗ್ರೇನ್ ಮಾತ್ರೆ) ಅಥವಾ ಹಲವು ಔಷಧ ಬೆರೆತ ಮಾತ್ರೆ, ಹೀಗೆ ಮೂರು ತಿಂಗಳು ದಾಟಿದರೆ ಮಾತ್ರೆಯಿಂದಲೇ ತಲೆನೋವು ಬರತೊಡಗುತ್ತದೆ. ಬೆಳಿಗ್ಗೆ ಎದ್ದರೆ ನೋವು, ಮಾತ್ರೆ ನುಂಗಿದರೆ ಎರಡು ಗಂಟೆ ಹಾಯ್, ಮತ್ತೆ ನೋವು. ಈ ಸುಳಿಯಲ್ಲಿ ಸಿಕ್ಕವರಿಗೆ ಯಾವ ಮನೆಮದ್ದೂ ಹತ್ತುವುದಿಲ್ಲ. ವಾರಕ್ಕೆ ಎರಡು ದಿನ ಮೀರದಂತೆ ನೋಡಿಕೊಳ್ಳಿ. ಈಗಾಗಲೇ ಮೀರಿದ್ದರೆ ಒಮ್ಮೆಲೇ ಬಿಡಬೇಡಿ, ವೈದ್ಯರ ಸಲಹೆಯಂತೆ ಬಿಡಿ. 16ರ ಒಳಗಿನ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು.

9. ವೈದ್ಯರ ಬಳಿ ಹೋಗುವಾಗ

ತಿಂಗಳಿಗೆ ನಾಲ್ಕು ದಿನ ಅಥವಾ ಹೆಚ್ಚು ನೋವಿದ್ದರೆ, ಕೆಲಸಕ್ಕೆ ರಜೆ ಹಾಕುವಂತಾದರೆ ಹೋಗಿ. ಮೊದಲು ನಿಮ್ಮ ಮಾಮೂಲಿ ಡಾಕ್ಟರು, ಬೇಕಾದರೆ ಅವರೇ ನರರೋಗ ತಜ್ಞರಿಗೆ ಕಳಿಸುತ್ತಾರೆ. ಅರೆತಲೆನೋವು ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಹಾಗಾಗಿ ಎಲ್ಲರಿಗೂ ಸ್ಕ್ಯಾನ್ ಬೇಕಿಲ್ಲ. ನೋವು ಬರದಂತೆ ತಡೆಯುವ ದಿನದ ಮಾತ್ರೆಗಳಿವೆ. ಗುಣ ಕಾಣಲು ಒಂದೆರಡು ತಿಂಗಳು ಹಿಡಿಯುತ್ತದೆ. ಅದರ ಜೊತೆಗೇ ಇಲ್ಲಿ ಹೇಳಿದ ತಂಪು, ನಿದ್ದೆ, ಊಟದ ಹೊತ್ತು ಎಲ್ಲ ಮುಂದುವರಿಸಬಹುದು.

ಕಣ್ಣ ಮುಂದೆ ಗೆರೆ ಮಿಂಚುವ ಆರಾ ಇರುವ ಹೆಣ್ಣುಮಕ್ಕಳು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮರೆಯದೆ ಹೇಳಿ. ಎರಡು ಹಾರ್ಮೋನು ಇರುವ ಮಾತ್ರೆ ಅವರಲ್ಲಿ ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ, ಬೇರೆ ವಿಧಾನ ಸೂಚಿಸುತ್ತಾರೆ. ಕುಡಿಯುತ್ತಿರುವ ಕಷಾಯ, ಲೇಹ್ಯದ ಹೆಸರನ್ನೂ ಹೇಳಿ, ಬೈಯುತ್ತಾರೆಂದು ಮುಚ್ಚಿಡಬೇಡಿ. ಎರಡು ತಿಂಗಳ ನೋಟ್‌ಬುಕ್ ಕೈಯಲ್ಲಿರಲಿ. ತಿಂದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನು ಎಸೆಯದೆ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಹೆಸರು ನಿಮಗೆ ನೆನಪಿಲ್ಲದಿದ್ದರೂ ಅದರ ಹಿಂದೆ ಬರೆದಿರುತ್ತದೆ.